ಎರ್ಮೆಲಿಂದಾಳ ಬಾಯಿ, ನೀಮಿಯಾಳ ಉಗುರು

ಇತಾಗುವಾ ಊರಿನ ನಮ್ಮ ಬೀದಿಯಲ್ಲಿ ಎರ್ಮೆಲಿಂದಾ ಎಂದರೆ ಎರಡು ಸಂಗತಿಗೆ ಹೆಸರು: ಒಂದು ಅವಳ ಕೈ, ಇನ್ನೊಂದು ಅವಳ ಬಾಯಿ. ಕೈಯನ್ನು ಎಲ್ಲರೂ ಗಟ್ಟಿಯಾಗಿಯೇ ಹೊಗಳುತ್ತಿದ್ದರು. ಬಾಯಿಯ ವಿಷಯ ಬಂದಾಗ ಮಾತ್ರ ಅತ್ತ ಇತ್ತ ನೋಡಿ, ಅವಳು ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಮಾತು ಮುಂದುವರಿಸುತ್ತಿದ್ದರು. ಹಾಗೆಂದು ಅದು ಕೆಟ್ಟ ಬಾಯಲ್ಲ. ಬೈಗುಳ ಗೊತ್ತಿಲ್ಲ, ಚಾಡಿ ಮೊದಲೇ ಗೊತ್ತಿಲ್ಲ. ಸರಿಯಿಲ್ಲದ್ದು ಕಣ್ಣಿಗೆ ಬಿದ್ದರೆ ಹೇಳದೆ ಇರಲಾರದ ಬಾಯಿ, ಅಷ್ಟೆ. ಪಾದ್ರಿಯ ನಿಲುವಂಗಿಯ ಅಂಚು ಒಂದು ಕಡೆ ಇಳಿಬಿದ್ದಿದೆ ಎಂದು ಪೂಜೆ ಮುಗಿದದ್ದೇ ತಡ ಅವನಿಗೇ ಹೇಳಿ, ಚರ್ಚಿನ ಬಾಗಿಲಲ್ಲೇ ಮಂಡಿಯೂರಿ ಕೂತು ಹೊಲಿದು ಕಳಿಸಿದವಳು ಅವಳು.

ಈ ಗುಣ ಅವಳಿಗೆ ಬಂದದ್ದು ನ್ಯಾಂದುತಿಯಿಂದ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಅದರ ಮೇಲೆ ಸೂಜಿಯಿಂದ ದಾರದ ಚಕ್ರಗಳನ್ನು ನೇಯ್ದು, ಕೊನೆಗೆ ಕೆಳಗಿನ ಬಟ್ಟೆ ಕತ್ತರಿಸಿ ತೆಗೆದರೆ ಬರೀ ದಾರದ ಜಾಲರಿ ಉಳಿಯುತ್ತದಲ್ಲ, ಅದು. ನಮ್ಮೂರಿನ ಅರ್ಧ ಹೆಂಗಸರ ಅನ್ನ ಅದರಿಂದಲೇ. ಎರ್ಮೆಲಿಂದಾ ಇನ್ನೂ ಹಾಲುಹಲ್ಲು ಉದುರದ ವಯಸ್ಸಿನಲ್ಲಿ ಅಜ್ಜಿಯ ಪಕ್ಕ ಚೌಕಟ್ಟು ಹಿಡಿದು ಕೂತವಳು. ಒಂದು ಎಳೆ ತಪ್ಪಿದರೆ ಇಡೀ ಚಕ್ರ ಸುಕ್ಕುಗಟ್ಟುತ್ತದೆ. ಅಜ್ಜಿ ಮಾತೇ ಆಡುತ್ತಿರಲಿಲ್ಲ. ಕತ್ತರಿ ತಗೊಂಡು ಚಕ್ರವನ್ನು ಪೂರಾ ಕಿತ್ತು ಮೊಮ್ಮಗಳ ಮಡಿಲಿಗೆ ದಾರದ ಉಂಡೆ ಹಾಕುತ್ತಿದ್ದಳು. ಮೊದಲಿಂದ ಮಾಡು ಎಂದರ್ಥ. ಹುಡುಗಿ ಅಳುತ್ತಲೇ ಮಾಡುತ್ತಿದ್ದಳು. ಹಾಗೆ ಅತ್ತು ಅತ್ತೇ ಅವಳ ಕೈ ಊರಿಗೆಲ್ಲ ಹೆಸರಾಯಿತು. ಲೋಕದಲ್ಲಿ ಯಾವುದೇ ವಿದ್ಯೆ ಕಲಿಯುವ ದಾರಿ ಇದೊಂದೇ ಎಂದು ಅವಳು ನಂಬಿದ್ದರೆ ಅವಳನ್ನು ದೂರುವುದು ಹೇಗೆ?

ಗಂಡ ರುಫೀನೊ ಅಸುನ್ಸಿಯೋನ್ ರಸ್ತೆಯ ಬಸ್ಸಿನ ಡ್ರೈವರ್. ದಿನವಿಡೀ ಜನರ ಗದ್ದಲ ಕೇಳಿ ಬರುವವನಾದ್ದರಿಂದ ಮನೆಯಲ್ಲಿ ಮಾತು ಕಮ್ಮಿ. ಇಬ್ಬರಿಗೂ ಒಬ್ಬಳೇ ಮಗಳು, ನೀಮಿಯಾ. ತಡವಾಗಿ ಹುಟ್ಟಿದವಳು. ಎರ್ಮೆಲಿಂದಾಳ ಜೀವವೆಲ್ಲ ಅವಳ ಮೇಲೆಯೇ. ಅಂಥ ಪ್ರೀತಿಯನ್ನು ಅವಳು ಮಗುವಿನ ಜಡೆ ಬಿಗಿಯಾಗಿ ಹೆಣೆಯುವುದರಲ್ಲಿ, ಅಂಗಿಯ ಕಾಲರಿಗೆ ಗಂಜಿ ಹಾಕುವುದರಲ್ಲಿ ತೋರಿಸುತ್ತಿದ್ದಳೇ ಹೊರತು ಬಾಯಲ್ಲಿ ಹೇಳುವುದು ಅವಳಿಗೆ ಬರುತ್ತಿರಲಿಲ್ಲ. ಬಾಯಿ ಬೇರೆ ಕೆಲಸದಲ್ಲಿ ಇರುತ್ತಿತ್ತು.

ಬೀದಿಯ ಕೊನೆಯಲ್ಲಿ, ಎಲ್ಲರೂ ಗೌರವದಿಂದ ಕರಾಯಿ ಎನ್ನುವ ಹೆನಾರೊನ ಮನೆ. ಒಂದು ಕಾಲದಲ್ಲಿ ಊರೂರು ಮದುವೆಗಳಲ್ಲಿ ಹಾರ್ಪ್ ನುಡಿಸಿದ ಮುದುಕ. ಈಗ ಜಗಲಿಯಲ್ಲಿ ಕೂತು ತೆರೆರೆಯ ತಣ್ಣನೆ ಕಷಾಯ ಹೀರುತ್ತ, ಮನಸ್ಸು ಬಂದರೆ ನಾಲ್ಕು ತಂತಿ ಮೀಟುತ್ತ, ಮನಸ್ಸು ಬರದಿದ್ದರೆ ನಿದ್ದೆ ಹೋಗುತ್ತ ಇದ್ದ. ನೀಮಿಯಾ ಬ್ರೆಡ್ ತರಲು ಹೋದವಳು ಆ ಜಗಲಿಯ ಮುಂದೆ ನಿಂತುಬಿಡುತ್ತಿದ್ದಳು. ಬ್ರೆಡ್ ಆರಿ ಮರದ ತುಂಡಾಗಿ ಮನೆಗೆ ಬರುತ್ತಿತ್ತು. ಒಂದು ದಿನ ಎರ್ಮೆಲಿಂದಾ ಹುಡುಕಿಕೊಂಡು ಹೋಗಿ ನೋಡಿದರೆ, ಮಗಳು ಮುದುಕನ ಹಾರ್ಪಿನ ಹಿಂದೆ ಸ್ಟೂಲಿನ ಮೇಲೆ ನಿಂತು, ಎರಡೂ ಕೈಯಲ್ಲಿ ತಂತಿ ಹಿಡಿದು ಏನೋ ಹುಡುಕುತ್ತಿದ್ದಾಳೆ. ಮುಖದಲ್ಲಿ ತಾಯಿ ಎಂದೂ ಕಾಣದ ಬೆಳಕು. ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

"ಎಷ್ಟು ದಿನದಿಂದ ನಡೀತಿದೆ ಇದು?" ಅಂದಳು ಆಮೇಲೆ.

"ಯಾರಿಗೆ ಗೊತ್ತು ತಾಯಿ, ನಾನು ಮಲಗಿರ್ತೀನಿ," ಎಂದ ಹೆನಾರೊ. "ಎದ್ದಾಗೆಲ್ಲ ಇವಳು ಇಲ್ಲೇ ಇರ್ತಾಳೆ. ಕಿವಿ ಚೆನ್ನಾಗಿದೆ ಕಣಮ್ಮ. ಆದ್ರೆ ಉಗುರೇ ಇಲ್ಲ. ನಮ್ಮ ಹಾರ್ಪ್‌ಗೆ ಉಗುರು ಬೇಕು. ಬೆರಳ ತುದೀಲಿ ಮೀಟಿದ್ರೆ ಕಂಬಳಿ ಕೊಡವಿದ ಹಾಗೆ ಕೇಳುತ್ತೆ."

ಇಲ್ಲೊಂದು ಮಾತು ತಿಳಿದಿರಬೇಕು. ನ್ಯಾಂದುತಿಗೆ ಉಗುರು ಶತ್ರು. ತುಸು ಉದ್ದವಿದ್ದರೂ ಎಳೆ ಸಿಕ್ಕಿ ಕಿತ್ತುಬರುತ್ತದೆ. ನಮ್ಮ ಹೆಂಗಸರು ಉಗುರನ್ನು ಮಾಂಸದವರೆಗೂ ಕತ್ತರಿಸಿಕೊಂಡಿರುತ್ತಾರೆ. ಮಗಳಿಗೆ ಉಗುರು ಬಿಡಿಸುವುದೆಂದರೆ ಅಜ್ಜಿಯ ವಿದ್ಯೆ ತನ್ನಲ್ಲೇ ನಿಂತುಹೋಗಲಿ ಎಂದು ಒಪ್ಪಿಕೊಂಡ ಹಾಗೆ. ಎರ್ಮೆಲಿಂದಾ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೆಯ ದಿನ ಪೆಟ್ಟಿಗೆ ತೆಗೆದು, ತನ್ನ ಕೈಯಿಂದ ಮೂಡಿದವುಗಳಲ್ಲೆಲ್ಲ ದೊಡ್ಡದಾದ, ಇಡೀ ಮಂಚ ಮುಚ್ಚುವ ಬಿಳಿ ಹೊದಿಕೆಯನ್ನು ಹೊರತೆಗೆದಳು. ತನ್ನ ಮುಪ್ಪಿಗೆ ಎಂದು ಎತ್ತಿಟ್ಟದ್ದು ಅದು. ರುಫೀನೊ ಅದನ್ನು ಬಸ್ಸಿನಲ್ಲಿ ಹಾಕಿಕೊಂಡು ಹಾರ್ಪ್ ಮಾಡುವ ಬಡಗಿಯ ಹತ್ತಿರ ಹೋದ. ಬಡಗಿಯ ಹೆಂಡತಿ ಹೊದಿಕೆ ನೋಡಿ ಗಂಡನ ಕಡೆ ನೋಡಿದಳಂತೆ. ಚೌಕಾಸಿ ಅಲ್ಲಿಗೇ ಮುಗಿಯಿತು. ಸಂಜೆ ರುಫೀನೊನ ಬಸ್ಸಿನ ಮುಂದಿನ ಸೀಟಿನಲ್ಲಿ, ಬೇರೆ ಯಾರನ್ನೂ ಕೂರಲು ಬಿಡದೆ, ದೇವದಾರು ಮರದ ಪುಟ್ಟ ಹಾರ್ಪ್ ಮನೆಗೆ ಬಂತು.

ಅಂದಿನಿಂದ ಎರ್ಮೆಲಿಂದಾ ಮಗಳ ಉಗುರನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಪಾತ್ರೆ ತೊಳೆಯುವಂತಿಲ್ಲ, ಬಟ್ಟೆ ಉಜ್ಜುವಂತಿಲ್ಲ, ಮರಗೆಣಸು ಸುಲಿಯುವಂತಿಲ್ಲ. ಅದನ್ನೆಲ್ಲ ತಾನೇ ಮೈಮೇಲೆ ಹಾಕಿಕೊಂಡಳು. ಶಾಲೆಯಲ್ಲಿ ಸೋಮವಾರ ಉಗುರು ನೋಡುವ ಟೀಚರ್ ಕತ್ತರಿ ತೆಗೆದಾಗ, ಎರ್ಮೆಲಿಂದಾ ಮರುದಿನವೇ ಹೋಗಿ ನಿಂತಳು. "ಕಿರುಬೆರಳು ಎರಡೂ ನಿಮ್ಮದು ಟೀಚರ್, ಹಾರ್ಪ್‌ಗೆ ಅದು ಬೇಕಾಗಿಲ್ಲ, ಎಷ್ಟು ಬೇಕೋ ಅಷ್ಟು ಕತ್ತರಿಸಿಕೊಳ್ಳಿ. ಮಿಕ್ಕಿದ್ದು ನನ್ನವು. ಕೊಳೆ ಕಂಡ್ರೆ ನನ್ನನ್ನ ಕರೆಸಿ, ನಾನು ಬಂದು ತೊಳೀತೀನಿ," ಎಂದಳು. ಟೀಚರ್ ಕತ್ತರಿ ಒಳಗಿಟ್ಟಳು.

ಪಕ್ಕದ ಮನೆಯ ನ್ಯಾ ಪೆರ್ಪೆತುವಾ, ಹಿರಿಯ ಹೆಂಗಸರಿಗೆ ನಾವು ನ್ಯಾ ಎನ್ನುತ್ತೇವೆ, ಬೇಲಿಯ ಮೇಲಿಂದ ಕತ್ತು ಚಾಚಿ ಕೇಳುತ್ತಿದ್ದಳು: "ಏನೇ ಎರ್ಮೆ, ನಿಮ್ಮ ರಾಜಕುಮಾರಿಗೆ ಊಟಾನಾದ್ರೂ ಸ್ವಂತ ಕೈಲಿ ಮಾಡೋಕೆ ಬಿಟ್ಟಿದ್ದೀಯೋ, ತುತ್ತು ಮಾಡಿ ಹಾಕ್ತೀಯೋ?"

"ನಿನ್ನ ಮಗನಿಗೆ ಮದುವೆ ಆಗೋವರೆಗೂ ಹಾಕಿದ್ಯಲ್ಲ, ಹಾಗೆ ಹಾಕ್ತೀನಿ," ಎನ್ನುತ್ತಿದ್ದಳು ಎರ್ಮೆಲಿಂದಾ, ಕೈಯಲ್ಲಿ ಮಗಳ ಪಾಲಿನ ಪಾತ್ರೆ ಉಜ್ಜುತ್ತಲೇ.

ಇಷ್ಟೂ ಸರಿಯೇ. ಇಂಥ ತಾಯಿ ಎಷ್ಟು ಮಕ್ಕಳಿಗೆ ಸಿಗುತ್ತಾಳೆ? ಎಡವಟ್ಟಾದದ್ದು ಮಗಳು ಅಭ್ಯಾಸಕ್ಕೆ ಕೂತಾಗ. ಎರ್ಮೆಲಿಂದಾ ತನ್ನ ಚೌಕಟ್ಟು ತಂದು ಹಾರ್ಪಿನ ಪಕ್ಕವೇ ಕುಳಿತುಬಿಟ್ಟಳು. ಸಂಗೀತ ಅವಳಿಗೆ ಗೊತ್ತಿರಲಿಲ್ಲ, ಆದರೆ ತಪ್ಪು ಗೊತ್ತಾಗುತ್ತಿತ್ತು. ಮಗಳ ಬೆರಳು ಒಂದು ತಂತಿ ತಪ್ಪಿ ಪಕ್ಕದ್ದಕ್ಕೆ ತಾಗಿದರೆ ಸಾಕು, ಸೂಜಿ ನಿಲ್ಲುತ್ತಿತ್ತು.

"ತಪ್ಪಿತು. ಮೊದಲಿಂದ."

ನೀಮಿಯಾ ಮೊದಲಿಂದ ಶುರು ಮಾಡುತ್ತಿದ್ದಳು. ಮತ್ತೆ ಅದೇ ಜಾಗಕ್ಕೆ ಬರುತ್ತಿದ್ದಳು. ಹೆನಾರೊ ಕಲಿಸಿದ್ದು ಒಂದು ಪೋಲ್ಕಾ, ಕುಣಿತದ ಹಾಡು. ಅದರ ನಡುವೆ ಎಡಗೈ ಕುಣಿಯುತ್ತ ಇರುವಾಗಲೇ ಬಲಗೈ ಮೇಲಿಂದ ಕೆಳಗೆ ಜಾರಿ ಇಳಿಯುವ ಒಂದು ತಿರುವು ಇದೆ. ಅಲ್ಲಿಗೆ ಬರುವ ಮೊದಲೇ ಹುಡುಗಿಯ ಭುಜ ಬಿಗಿಯಾಗುತ್ತಿತ್ತು, ಬೆರಳು ಖಂಡಿತ ತಪ್ಪುತ್ತಿತ್ತು.

"ಮೊದಲಿಂದ, ಮಗಳೇ."

ಪೋಲ್ಕಾದ ಮೊದಲ ಅರ್ಧ ಬೀದಿಗೆಲ್ಲ ಬಾಯಿಪಾಠವಾಯಿತು. ಮಂಜುಗಡ್ಡೆ ಮಾರುವವನು ಸೈಕಲ್ ತುಳಿಯುತ್ತ ಅದನ್ನೇ ಸಿಳ್ಳೆ ಹಾಕುತ್ತಿದ್ದ, ತಿರುವಿನ ತನಕ ಬಂದು ಅವನೂ ನಿಲ್ಲಿಸುತ್ತಿದ್ದ. ಮುಂದೇನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ದಣಿದು ನೀಮಿಯಾ ಕೈ ಇಳಿಬಿಟ್ಟರೆ ಎರ್ಮೆಲಿಂದಾ ನಿಟ್ಟುಸಿರು ಬಿಟ್ಟು, "ಅಷ್ಟು ದೊಡ್ಡ ಹೊದಿಕೆ ಕೊಟ್ಟು ತಂದಿದ್ದು ಕಣೇ ಇದನ್ನ," ಎನ್ನುತ್ತಿದ್ದಳು. ನೋಯಿಸಬೇಕೆಂದು ಅಂದದ್ದಲ್ಲ. ನಿನಗಾಗಿ ಅದನ್ನೂ ಕೊಟ್ಟೆ ನೋಡು, ಅಷ್ಟು ಪ್ರೀತಿ ನಿನ್ನ ಮೇಲೆ, ಎಂಬುದನ್ನು ಅವಳು ಹೇಳುತ್ತಿದ್ದ ರೀತಿ ಅದು. ಹುಡುಗಿಯ ಕಿವಿಗೆ ಅದು ಸಾಲ ವಸೂಲಿಗೆ ಬಂದವನ ಕೂಗಿನ ಹಾಗೆ ಕೇಳುತ್ತಿತ್ತು.

ಅಕ್ಟೋಬರ್ ಬಂತು, ಜಪಮಾಲೆ ಮಾತೆಯ ಹಬ್ಬ ಹತ್ತಿರವಾಯಿತು. ಚರ್ಚಿನ ಅಂಗಳದಲ್ಲಿ ಊರ ಮಕ್ಕಳೆಲ್ಲ ಹಾಡಿ ಕುಣಿಯುವ ದಿನ. ಎರ್ಮೆಲಿಂದಾ ಪಾದ್ರಿಗೆ ಹೇಳಿ ಮಗಳ ಹೆಸರು ಸೇರಿಸಿದಳು, ಮಗಳಿಗೆ ಆಮೇಲೆ ಹೇಳಿದಳು. ಹಬ್ಬಕ್ಕೆ ಇನ್ನೊಂದು ವಾರವಿದೆ ಎನ್ನುವಾಗ, ಒಂದು ಮಧ್ಯಾಹ್ನ, ರಸ್ತೆ ಬದಿಯ ಅಂಗಡಿಗೆ ನೇಯ್ದದ್ದನ್ನು ಕೊಟ್ಟು ಮನೆಗೆ ಬಂದವಳು ಬಾಗಿಲಲ್ಲೇ ನಿಂತಳು. ನೀಮಿಯಾ ಅಂಗಳದ ತೊಟ್ಟಿಯ ಹತ್ತಿರ ಕೂತು ಪಾತ್ರೆ ತೊಳೆಯುತ್ತಿದ್ದಳು.

"ಬಿಡೇ ಅದನ್ನ! ಉಗುರು!" ಎಂದು ಓಡಿದಳು.

ನೀಮಿಯಾ ಎರಡೂ ಕೈ ನೀರಿನಿಂದ ಎತ್ತಿ ತೋರಿಸಿದಳು. ಹತ್ತು ಬೆರಳಲ್ಲೂ ಉಗುರಿರಲಿಲ್ಲ. ತಾಯಿಯ ನ್ಯಾಂದುತಿಯ ಕತ್ತರಿಯಿಂದ ಮಾಂಸದವರೆಗೂ ಕತ್ತರಿಸಿಕೊಂಡಿದ್ದಳು. ಒಂದು ಬೆರಳ ತುದಿಯಲ್ಲಿ ರಕ್ತ ಒಣಗಿತ್ತು.

"ಏನೇ ಮಾಡ್ಕೊಂಡೆ ಇದು? ಯಾರು ಹೇಳಿದ್ರು ನಿನಗೆ?"

"ನೀನೇ ಹೇಳ್ತೀಯಲ್ಲಮ್ಮ, ತಪ್ಪಿದ್ರೆ ಕತ್ತರಿಸಿ ಮೊದಲಿಂದ ಮಾಡಬೇಕು ಅಂತ. ನನಗೆ ಹಾರ್ಪ್ ಬೇಡ. ಬಡಗಿ ಹತ್ರ ಹೋಗಿ ನಿನ್ನ ಹೊದಿಕೆ ವಾಪಸ್ ತಗೊಂಡು ಬಾ." ಹೇಳಿ ಹುಡುಗಿ ಅಳಲಿಲ್ಲ. ಉಳಿದ ಪಾತ್ರೆ ತೊಳೆದು ಮುಗಿಸಿದಳು.

ಎರ್ಮೆಲಿಂದಾಳಿಗೆ ಮೊದಲು ಬಂದದ್ದು ಸಿಟ್ಟು. ಅಡುಗೆಮನೆಯಲ್ಲಿ ಡಬ್ಬಗಳ ಮೇಲೆ ತೀರಿಸಿಕೊಂಡಳು. ಸಿಟ್ಟು ಇಳಿದ ಮೇಲೆ ಹೆದರಿಕೆ ಹತ್ತಿತು. ಉಗುರು ಬೆಳೆಯಲು ತಿಂಗಳುಗಟ್ಟಲೆ ಬೇಕು, ಅದು ಬೆಳೆಯುತ್ತದೆ. ಆದರೆ ಜಗಲಿಯಲ್ಲಿ ಅಂದು ಕಂಡ ಆ ಮುಖ? ಅದನ್ನು ತಾನೇ ಆರಿಸಿಬಿಟ್ಟೆನೇ? ರುಫೀನೊ ಕೆಲಸ ಮುಗಿಸಿ ಬಂದು, ಸಂಗತಿ ಕೇಳಿ, ಟೋಪಿ ತೆಗೆದು ಮೊಳೆಗೆ ಹಾಕಿದ. "ನಾನು ಗಾಡಿ ಓಡಿಸುವಾಗ ಪಕ್ಕದಲ್ಲಿ ಕೂತು ಯಾರಾದ್ರೂ ಪ್ರತಿ ಹೊಂಡಕ್ಕೂ ಹೇಳ್ತಿದ್ರೆ ನಾನೂ ಇಳಿದು ಹೋಗ್ತಿದ್ದೆ," ಎಂದ. ಮದುವೆಯಾದ ಮೇಲೆ ಅವನು ಅವಳಿಗೆ ಹೇಳಿದ ಅತಿ ಉದ್ದದ ಬುದ್ಧಿವಾದ ಅದು.

ಮರುದಿನ ಅವಳು ಹೆನಾರೊನ ಜಗಲಿಗೆ ಹೋಗಿ ಕೂತು ಅತ್ತಳು. ಮುದುಕ ಗಾಬರಿಯಾಗಿ ತೆರೆರೆ ಕೊಟ್ಟ. ಎಲ್ಲ ಕೇಳಿಸಿಕೊಂಡು, "ಪ್ರತಿ ಸಲ ಮೊದಲಿಂದಾನಾ?" ಎಂದು ಕೇಳಿದ. "ಪ್ರತಿ ಸಲ," ಎಂದಳು. ಅವನು ತಲೆ ಕೆರೆದುಕೊಂಡ.

"ನನಗೇ ಆ ತಿರುವು ಇವತ್ತಿಗೂ ಸರಿಯಾಗಿ ಬರಲ್ಲ ತಾಯಿ. ಮದುವೆಗಳಲ್ಲಿ ಅಲ್ಲಿಗೆ ಬಂದಾಗ ಜೋರಾಗಿ ಕೆಮ್ಮಿಬಿಡ್ತಿದ್ದೆ."

ಎರ್ಮೆಲಿಂದಾ ಅಳುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. "ಮತ್ತೆ ಈಗ ನಾನು ಏನು ಮಾಡ್ಲಿ? ಹೋಗಿ ಬುದ್ಧಿ ಹೇಳ್ಲಾ?"

"ಅಯ್ಯೋ, ಅದೊಂದು ಬೇಡ. ಹೇಳಿದ್ದೆಲ್ಲ ಸಾಕು. ಹಾರ್ಪ್‌ನ ಮೂಲೆಗೆ ತಳ್ಳಬೇಡ, ಕೊಟ್ಟೂ ಬಿಡಬೇಡ. ದಿನಾ ಶ್ರುತಿ ಮಾಡಿಡು. ಈ ಸೆಕೆಗೆ ತಂತಿ ಇಳಿದುಹೋಗುತ್ತೆ. ಯಾವತ್ತಾದ್ರೂ ಮನಸ್ಸಾಗಿ ಕೈ ಇಟ್ಟಾಗ ಅಪಸ್ವರ ಬಂದ್ರೆ ಮತ್ತೆ ಮುಟ್ಟಲ್ಲ ಅವಳು."

"ನಾನು? ಶ್ರುತಿ ಮಾಡೋದಾ? ನನಗೆ ಯಾವ ಸ್ವರ ಯಾವುದು ಅಂತಲೂ ಗೊತ್ತಿಲ್ಲ!"

"ಕೆಂಪು ತಂತಿಯಿಂದ ಶುರು ಮಾಡು," ಎಂದು ಹೆನಾರೊ ಒಂದು ಶ್ರುತಿಕೊಳವೆ ಕೊಟ್ಟ, ತಂತಿ ತಿರುಗಿಸುವ ಚಾವಿ ಹೇಗೆ ಹಿಡಿಯುವುದೆಂದು ತೋರಿಸಿದ, ಮತ್ತೆ ನಿದ್ದೆ ಹೋದ.

ಹಬ್ಬದ ದಿನ ಎರ್ಮೆಲಿಂದಾ ಪಾದ್ರಿಗೆ "ಮಗಳಿಗೆ ಈ ವರ್ಷ ಆಗಲ್ಲ" ಎಂದಷ್ಟೇ ಹೇಳಿದಳು. ಕಾರಣ ಕೇಳಿದವರಿಗೆ ಕಾರಣ ಸಿಗಲಿಲ್ಲ. ನ್ಯಾ ಪೆರ್ಪೆತುವಾ ಬೇಲಿಯ ಹತ್ತಿರ ಮೂರು ಸಲ ಬಂದು ಹೋದಳು.

ನಮ್ಮ ಕಡೆ ಬೇಸಿಗೆ ವರ್ಷದ ಕೊನೆಗೆ ಬರುತ್ತದೆ; ಆ ಬೇಸಿಗೆ ಅವಳ ಜೀವಮಾನದಲ್ಲೇ ಕಷ್ಟದ ಬೇಸಿಗೆ. ಬೆಳಿಗ್ಗೆ ಕಾಫಿಗೆ ಮೊದಲು ಹಾರ್ಪಿನ ಮುಂದೆ ನಿಂತು ಕೊಳವೆ ಊದುವುದು, ಚಾವಿ ತಿರುಗಿಸುವುದು, ತಂತಿ ಮೀಟುವುದು, ಮತ್ತೆ ಊದುವುದು. ಮೊದಮೊದಲು ಎರಡು ತಂತಿ ಪಟ್ಟೆಂದು ಹರಿದು ಅವಳ ಕೆನ್ನೆಗೆ ಬಾರಿಸಿದವು. ಬೀದಿಯ ನಾಯಿಗಳು ಊಳಿಟ್ಟವು. ತಪ್ಪು ಕಂಡರೆ ಸಹಿಸದ ಹೆಂಗಸು ಇಡೀ ಬೀದಿಗೆ ಕೇಳುವಂತೆ ತಪ್ಪು ಮಾಡುತ್ತ ನಿಂತಿದ್ದಳು. ಮಗಳ ಜಾಗದಲ್ಲಿ ನಿಂತರೆ ಹೇಗಿರುತ್ತದೆ ಎಂಬುದು ಅವಳಿಗೆ ಆಗ, ಕಿವಿ ಬಿಸಿಯಾದಾಗ, ಗೊತ್ತಾಯಿತು.

ನೀಮಿಯಾ ಹಾರ್ಪಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮೋಟು ಬೆರಳುಗಳಿಗೆ ಈಗ ಬೇರೆ ಕೆಲಸ ಸಿಕ್ಕಿತ್ತು. ಒಂದು ದಿನ ತಾನಾಗಿಯೇ ಒಂದು ಸಣ್ಣ ಚೌಕಟ್ಟು ತಂದು ತಾಯಿಯ ಪಕ್ಕ ಕೂತು, "ನನಗೂ ಕಲಿಸು," ಎಂದಳು. ಬೇರೆ ಯಾವ ತಾಯಿಯಾಗಿದ್ದರೂ ಹಿಗ್ಗುತ್ತಿದ್ದಳು. ಅಜ್ಜಿಯ ವಿದ್ಯೆ ತಾನಾಗಿ ಮಡಿಲಿಗೆ ಬಂದು ಬಿದ್ದಿತ್ತು. ಎರ್ಮೆಲಿಂದಾ ಕಲಿಸಿದಳು, ಚೆನ್ನಾಗಿಯೇ ಕಲಿಸಿದಳು. ಆದರೆ ಆ ಮೋಟು ಬೆರಳುಗಳನ್ನು ನೋಡಿದಾಗೆಲ್ಲ ಅವಳ ಕಣ್ಣು ಹಾರ್ಪಿನ ಕಡೆಗೆ ಹೋಗುತ್ತಿತ್ತು. ಒಮ್ಮೆ ಹುಡುಗಿಯ ಎಳೆ ತಪ್ಪಿತು. ಎರ್ಮೆಲಿಂದಾಳ ಕೈ ಅಭ್ಯಾಸಬಲದಿಂದ ಕತ್ತರಿಗೆ ಹೋಯಿತು, ಅರ್ಧದಲ್ಲಿ ನಿಂತಿತು.

"ಕತ್ತರಿಸಮ್ಮ, ಪರವಾಗಿಲ್ಲ," ಎಂದಳು ನೀಮಿಯಾ. "ದಾರ ಎಲ್ಲಿಗೂ ಓಡಿಹೋಗಲ್ಲ, ಕೂತಿರುತ್ತೆ. ಹಾಡು ಹಾಗಲ್ಲ, ಅದು ಓಡ್ತಾ ಇರುತ್ತೆ. ನೀನು ನಿಲ್ಲು ಅಂದ್ರೆ ನಾನು ಬಿದ್ದೇ ಹೋಗ್ತೀನಿ."

ಎರ್ಮೆಲಿಂದಾ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು. ಆಮೇಲೆ, "ನನಗೆ ಗೊತ್ತಿರಲಿಲ್ಲ ಮಗಳೇ," ಎಂದಳು. ಅಷ್ಟೇ. ಆದರೆ ಅವಳ ಬಾಯಿಂದ ಅಂಥ ಮಾತು ಹೊರಟದ್ದು ಅದೇ ಮೊದಲು. ಹುಡುಗಿ ಬೆರಗಾಗಿ ನೋಡಿದಳು.

ಅದಾದ ಒಂದೆರಡು ವಾರಕ್ಕೆ, ಬೆಳಿಗ್ಗೆ ಎರ್ಮೆಲಿಂದಾ ಕೊಳವೆ ಊದಿ ಒಂದು ತಂತಿಯೊಂದಿಗೆ ಗುದ್ದಾಡುತ್ತಿದ್ದಾಗ ಒಳಗಿನಿಂದ, ಹಾಸಿಗೆಯಿಂದಲೇ, ಒಂದು ಕೂಗು ಬಂತು: "ಅದಲ್ಲಮ್ಮ, ಅದರ ಪಕ್ಕದ್ದು ಇಳಿದಿರೋದು!"

ಎರ್ಮೆಲಿಂದಾ ಪಕ್ಕದ್ದನ್ನು ತಿರುಗಿಸಿದಳು.

"ಇನ್ನೂ ಸ್ವಲ್ಪ. ಸ್ವಲ್ಪ ಅಂದ್ರೆ ಸ್ವಲ್ಪ! ಹಾಂ, ನಿಲ್ಲಿಸು."

ಅಂದಿನಿಂದ ಅದೊಂದು ಪದ್ಧತಿಯಾಯಿತು. ತಾಯಿ ತಿರುಗಿಸುವುದು, ಮಗಳು ಹಾಸಿಗೆಯಲ್ಲೇ ಹೊರಳಿಕೊಂಡು ತಿದ್ದುವುದು. ಒಂದು ದಿನ ಕಿವಿಗೆ ಸರಿಯಿದ್ದರೂ ಎರ್ಮೆಲಿಂದಾ ಬೇಕೆಂದೇ ಒಂದು ತಂತಿ ಇಳಿಸಿದಳು. "ಬೇಕಂತಲೇ ಮಾಡ್ತಿದ್ದೀಯ!" ಎಂಬ ಬೈಗುಳ ಸಿಕ್ಕಿತು. ಬೈಸಿಕೊಂಡು ಇಷ್ಟು ಖುಷಿ ಅವಳಿಗೆ ಎಂದೂ ಆಗಿರಲಿಲ್ಲ.

ಜನವರಿಯ ಹೊತ್ತಿಗೆ ಅವಳ ಕಣ್ಣಿಗೆ ಬಿತ್ತು: ನೀಮಿಯಾಳ ಬಲಗೈ ಹೆಬ್ಬೆರಳಿನ ಉಗುರು ತುಸು ಬೆಳೆದಿದೆ. ನ್ಯಾಂದುತಿಯ ಎಳೆ ಸಿಕ್ಕಿಕೊಳ್ಳುತ್ತಿದೆ. ಆದರೂ ಹುಡುಗಿ ಕತ್ತರಿಸುತ್ತಿಲ್ಲ. ಎರ್ಮೆಲಿಂದಾ ತುಟಿ ಪಿಟಕ್ಕೆನ್ನಲಿಲ್ಲ. ಹೇಳದೆ ಇರುವುದು ಎಷ್ಟು ಕಷ್ಟವೆಂದರೆ, ಎದ್ದು ಹಿತ್ತಲಿಗೆ ಹೋಗಿ ಕೋಳಿಗಳಿಗೆ ಹೇಳಿ ಬಂದಳು. ಕೆಲವು ದಿನದಲ್ಲಿ ಚೌಕಟ್ಟು ಗೋಡೆಗೆ ಒರಗಿತು. ಯಾರೂ ಯಾರಿಗೂ ಹೇಳದೆಯೇ ಪಾತ್ರೆಯ ಕೆಲಸ ಮತ್ತೆ ತಾಯಿಯ ಕೈಗೆ ಬಂತು.

ತಾಯಿ ಮನೆಯಲ್ಲಿದ್ದಾಗ ಹುಡುಗಿ ಹಾರ್ಪ್ ಮುಟ್ಟುತ್ತಿರಲಿಲ್ಲ. ಅದನ್ನು ತಿಳಿದ ಎರ್ಮೆಲಿಂದಾ ದಿನಾ ಸಂಜೆ ಇಲ್ಲದ ಕೆಲಸ ಹುಟ್ಟಿಸಿಕೊಂಡು ಹೊರಗೆ ಹೋಗತೊಡಗಿದಳು. ಹೋಗಿ ಎಲ್ಲಿಗೆ? ಬೇಲಿಯಾಚೆಯ ಮಾವಿನ ಮರದ ಹಿಂದೆ. ಅಲ್ಲಿ ಒಂದು ಬುಟ್ಟಿ ಬೋರಲು ಹಾಕಿ, ಸೊಳ್ಳೆ ಹೊಡೆದುಕೊಳ್ಳುತ್ತ ಕೂರುತ್ತಿದ್ದಳು. ನ್ಯಾ ಪೆರ್ಪೆತುವಾಳಿಗೆ ಹಬ್ಬವೋ ಹಬ್ಬ.

"ಸ್ವಂತ ಮನೆಗೆ ಕಳ್ಳಿ ಹಾಗೆ ಹೊಂಚು ಹಾಕ್ತೀಯಲ್ಲೇ, ನಾಚಿಕೆ ಆಗಲ್ವಾ?"

"ಶ್ಶ್! ಬಾಯಿ ಮುಚ್ಕೊಂಡು ಕೂತ್ಕೋ," ಎಂದಳು ಎರ್ಮೆಲಿಂದಾ. ಅವಳ ಬಾಯಿಂದಲೇ ಬಂದ ಈ ಮಾತಿಗೆ ಇಬ್ಬರೂ ಬಾಯಿಗೆ ಕೈ ಒತ್ತಿ ನಕ್ಕರು. ಒಳಗೆ ಹುಡುಗಿ ತಿರುವಿನಲ್ಲಿ ತಪ್ಪಿದಳು. ನಿಲ್ಲಲಿಲ್ಲ. ಎಡವಿಕೊಂಡೇ ದಾಟಿ ಆಚೆ ಹೋದಳು. ಪೋಲ್ಕಾಕ್ಕೆ ಎರಡನೆಯ ಅರ್ಧವೂ ಇದೆ, ಅದು ಮೊದಲಿಗಿಂತ ಚೆಂದವಿದೆ ಎಂದು ಎರ್ಮೆಲಿಂದಾಳಿಗೆ ಆ ಸಂಜೆ ಗೊತ್ತಾಯಿತು. ಎಂಥ ಪೆದ್ದಿ ನಾನು, ಇಷ್ಟು ದಿನ ಇದನ್ನು ಕೇಳಗೊಡಲೇ ಇಲ್ಲವಲ್ಲ ಎಂದು ಕಣ್ಣೊರೆಸಿಕೊಂಡಳು.

ಮೇ ಮೂರು, ಶಿಲುಬೆಯ ಹಬ್ಬ. ಆ ವರ್ಷ ನ್ಯಾ ಪೆರ್ಪೆತುವಾಳ ಅಂಗಳದಲ್ಲಿ. ಎಲೆಯ ಕಮಾನು ಕಟ್ಟಿ, ಅದಕ್ಕೆ ಚಿಪಾ ರೊಟ್ಟಿಯ ಬಳೆಗಳನ್ನೂ ಕಡಲೆಬೀಜದ ಸರಗಳನ್ನೂ ತೂಗುಹಾಕಿದ್ದರು. ಪ್ರಾರ್ಥನೆ ಮುಗಿದ ಮೇಲೆ ಅವುಗಳನ್ನು ಕಿತ್ತು ಎಲ್ಲರಿಗೂ ಹಂಚುವುದು. ಮಕ್ಕಳ ಕಣ್ಣೆಲ್ಲ ಕಮಾನಿನ ಮೇಲೇ. ಮುದುಕ ಹೆನಾರೊ ನುಡಿಸಬೇಕಿತ್ತು. ಕೈ ನೋವು ಎಂದು ನೆಪ ಹೇಳಿ ಅಷ್ಟು ಹೊತ್ತಿಗೇ ಚಿಪಾ ತಿನ್ನುತ್ತ ಕೂತಿದ್ದ.

"ಹಾರ್ಪ್ ಇಲ್ದೆ ಶಿಲುಬೆ ಹಬ್ಬವೇನು!" ಎಂದು ನ್ಯಾ ಪೆರ್ಪೆತುವಾ ಗೊಣಗಿದಳು. ಯಾರ ಹೆಸರನ್ನೂ ಹೇಳಲಿಲ್ಲ, ಯಾರ ಕಡೆಗೂ ನೋಡಲಿಲ್ಲ.

ಎರ್ಮೆಲಿಂದಾ ನೆಲ ನೋಡುತ್ತ ಕೂತಳು. ನೀಮಿಯಾ ಅಪ್ಪನ ತೋಳು ಎಳೆದು ಏನೋ ಪಿಸುಗುಟ್ಟಿದಳು. ರುಫೀನೊ ಎದ್ದು ಹೋಗಿ ಹಾರ್ಪನ್ನು ಹೆಗಲ ಮೇಲೆ ಹೊತ್ತು ತಂದು ಕಮಾನಿನ ಪಕ್ಕ ಇಟ್ಟ. ತಾಯಿ ಆ ಬೆಳಿಗ್ಗೆ ಶ್ರುತಿ ಮಾಡಿಟ್ಟಿದ್ದು ಹಾಗೇ ಇತ್ತು.

ಹುಡುಗಿ ಶುರು ಮಾಡಿದಳು. ಬೀದಿಗೆ ಗೊತ್ತಿದ್ದ ಮೊದಲ ಅರ್ಧ. ಜನ ಚಪ್ಪಾಳೆಯಲ್ಲಿ ತಾಳ ಹಿಡಿದರು. ಅಂಗಳದಲ್ಲಿ ಇಷ್ಟು ಜನರ ಮುಂದೆ ಅವಳು ಎಂದೂ ನುಡಿಸಿದವಳಲ್ಲ. ತಿರುವು ಹತ್ತಿರ ಬರುತ್ತಿದ್ದಂತೆ ಅವಳ ಭುಜ ಮೇಲೇರುವುದು ಎರ್ಮೆಲಿಂದಾಳಿಗೆ ಕಂಡಿತು. ಬಲಗೈ ಇಳಿಯಿತು, ಜಾರಿತು, ಅಡ್ಡ ತಂತಿಗೆ ಬಡಿಯಿತು. ಎಡಗೈ ತಡವರಿಸಿತು. ಹುಡುಗಿಯ ಕಣ್ಣು ತಟ್ಟನೆ ಹಾರ್ಪಿನಿಂದೆದ್ದು ತಾಯಿಯನ್ನು ಹುಡುಕಿತು. ಈಗ ಇಲ್ಲಿ ನಿಂತರೆ ಇವಳು ಎಂದೆಂದಿಗೂ ನಿಂತ ಹಾಗೆಯೇ ಎಂದು ಎರ್ಮೆಲಿಂದಾಳಿಗೆ ಅನ್ನಿಸಿತು.

ನಮ್ಮಲ್ಲಿ ಹಾಡು ಕಾವೇರಿದಾಗ ಗಂಡಸರು ತಲೆ ಎತ್ತಿ ಒಂದು ಕೂಗು ಹಾಕುತ್ತಾರೆ, ಸಪುಕಾಯ್ ಎನ್ನುತ್ತಾರೆ ಅದಕ್ಕೆ. ಹೊಟ್ಟೆಯೊಳಗಿನ ಸಂತೋಷ ಗಂಟಲಿಗೆ ಬಂದು ಒಡೆದಂಥ ಕೂಗು. ಕುಡಿದ ಗಂಡಸರದ್ದು, ಹಲ್ಲು ಬಿದ್ದ ಮುದುಕಿಯರದ್ದು ಅದು, ಮರ್ಯಾದಸ್ಥ ಹೆಂಗಸಿನದ್ದಲ್ಲ ಎಂದು ಎರ್ಮೆಲಿಂದಾ ಯಾವಾಗಲೂ ಹೇಳುತ್ತಿದ್ದಳು. ಅವಳು ಎದ್ದು ನಿಂತಳು, ಕತ್ತು ಹಿಂದಕ್ಕೆ ಎತ್ತಿದಳು, ಕೂಗಿದಳು. ಎಂಥ ಕೂಗು! ಅಭ್ಯಾಸವಿಲ್ಲದ ಗಂಟಲು; ಹುಂಜದ ಹಾಗೆ ಏರಿ, ನಡುವೆ ಒಡೆದು, ಎಲ್ಲೋ ಹೋಗಿ ಮುಗಿಯಿತು. ಹೆನಾರೊನ ಕೈಯಿಂದ ಚಿಪಾ ಬಿತ್ತು. ನಾಯಿಗಳು ಎದ್ದವು. ಒಂದು ಕ್ಷಣ ಅಂಗಳವೆಲ್ಲ ದಂಗಾಗಿ, ಮರುಕ್ಷಣ ರುಫೀನೊ ಕೂಗಿದ, ನ್ಯಾ ಪೆರ್ಪೆತುವಾ ಕೂಗಿದಳು, ಮಂಜುಗಡ್ಡೆಯವನು ಕೂಗಿದ, ಎಲ್ಲರೂ ಕೂಗಿದರು. ಆ ಗದ್ದಲದಲ್ಲಿ ತಪ್ಪಿದ ತಂತಿ ಯಾವುದೆಂದು ದೇವರಿಗೂ ಗೊತ್ತಾಗಲಿಲ್ಲ.

ನೀಮಿಯಾ ಬಾಯಿ ತೆರೆದು ತಾಯಿಯನ್ನೇ ನೋಡಿದಳು. ಆಮೇಲೆ ಅವಳ ಮುಖ ಅರಳಿ, ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂತು. ನಗುತ್ತಲೇ ಇದ್ದಳು, ಕೈ ಮಾತ್ರ ನಿಲ್ಲಲಿಲ್ಲ.